ಭರಣಿ ಮಳೆಗೆ ಮುಂಚೆ

ಯುಗಾದಿಯ ಒಬ್ಬಟ್ಟು ಖಾಲಿಯಾಗುವ ಹೊತ್ತಿಗೆ ಮೈಸೂರಿನ ಹಳೇ ಬಡಾವಣೆಗಳಲ್ಲಿ ಗುದ್ದಲಿಗಳು ಹೊರಬರುತ್ತವೆ. ಸುತ್ತಲ ಹಳ್ಳಿಗಳಲ್ಲಿ ಹಬ್ಬಕ್ಕೆ ಎತ್ತುಗಳನ್ನು ಸಿಂಗರಿಸಿ ಹೊನ್ನಾರು ಕಟ್ಟುತ್ತಾರೆ, ವರ್ಷದ ಮೊದಲ ಸಾಲು ಉಳುತ್ತಾರೆ. 30×40ರ ಸೈಟಿನವರಿಗೆ ಎತ್ತು ಎಲ್ಲಿಂದ ಬರಬೇಕು? ಇರುವುದೇ ಮನೆ ಹಿಂದಿನ ನಾಲ್ಕು ಹೆಜ್ಜೆ ಜಾಗ. ಅದರಲ್ಲೂ ಒಂದು ಹೆಜ್ಜೆ ಬಟ್ಟೆ ಒಗೆಯುವ ಕಲ್ಲಿಗೆ.

ನನಗೆ ಹಿತ್ತಲು ತುಂಬಾ ಚೆಂದ ಕಾಣುವುದು ಈಗಲೇ, ಏನೂ ಬಿತ್ತದಿರುವಾಗ. ಹುಳ ಹತ್ತುವ ಎಲೆಯಿಲ್ಲ, ಬಾಡುವ ಹೂವಿಲ್ಲ. ಮನಸ್ಸಿನಲ್ಲಿ ಮಾತ್ರ ಮೊಳದುದ್ದದ ಹೀರೆಕಾಯಿ ತೂಗಾಡುತ್ತಿರುತ್ತದೆ.

ಅಗೆಯಲು ಶುರು ಮಾಡಿದರೆ ಮನೆ ಕಟ್ಟಿದ ಚರಿತ್ರೆಯೆಲ್ಲ ಮೇಲೆ ಬರುತ್ತದೆ. ಇಟ್ಟಿಗೆ ಚೂರು, ಸಿಮೆಂಟಿನ ಉಂಡೆ, ಟೈಲ್ಸ್ ತುಂಡು, ಕೆಂಪು ವೈರು. ಪ್ರತಿ ವರ್ಷ ಆರಿಸಿ ಹಾಕಿದರೂ ಮುಂದಿನ ವರ್ಷ ಅಷ್ಟೇ ಇರುತ್ತವೆ. ಜಲ್ಲಿಕಲ್ಲು ಮಣ್ಣೊಳಗೆ ಮರಿ ಹಾಕುತ್ತದೆ ಅಂತ ನನ್ನ ಗುಮಾನಿ.

ತುಂಗೆ ಹುಲ್ಲಂತೂ ಜಲ್ಲಿಗಿಂತ ಹಟಮಾರಿ. ಎಳೆದರೆ ಗರಿ ಮಾತ್ರ ಕೈಗೆ ಬರುತ್ತದೆ. ಕೆಳಗೆ ಕಪ್ಪನೆಯ ಪುಟ್ಟ ಗಡ್ಡೆ. ಅದರಿಂದ ದಾರದಷ್ಟು ಸಣ್ಣ ಬೇರು, ಅದರ ತುದಿಗೆ ಇನ್ನೊಂದು ಗಡ್ಡೆ, ಅದರಾಚೆ ಮತ್ತೊಂದು. ಒಂದು ಉಳಿದರೂ ಸಾಕು, ಮತ್ತೆ ಸಂಸಾರ ಹೂಡುತ್ತದೆ. ಮುರಿದು ಮೂಸಿ ನೋಡಿ, ಘಮ್ಮೆನ್ನುತ್ತದೆ! ಬಯ್ಯಲೂ ಮನಸ್ಸು ಬರುವುದಿಲ್ಲ. ಬುಡಮೇಲು ಅಗೆದು ಬಿಸಿಲಿಗೆ ಹರಡಬೇಕು. ಏಪ್ರಿಲ್ ಬಿಸಿಲಿಗೆ ಗಡ್ಡೆಯೂ ಒಣಗುತ್ತದೆ, ಗೊಣ್ಣೆಹುಳುವೂ ಹೊರಬೀಳುತ್ತದೆ. ಅದನ್ನು ಗೊರವಂಕಗಳು ನೋಡಿಕೊಳ್ಳುತ್ತವೆ.

ನಮ್ಮ ಕೆಂಪು ಮಣ್ಣಿಗೆ ಹದ ಬರುವ ತನಕ ಕೈ ಹಚ್ಚಬಾರದು. ಹಿಂದಿನ ಸಂಜೆ ನೀರು ಕುಡಿಸಿ, ಬೆಳಿಗ್ಗೆ ಒಂದು ಹಿಡಿ ಮುಷ್ಟಿಯಲ್ಲಿ ಒತ್ತಬೇಕು. ಉಂಡೆ ಕಟ್ಟಿ, ಬೆರಳು ತಾಕಿಸಿದರೆ ಪುಡಿಯಾಗಬೇಕು. ಪುಡಿಯಾಗದಿದ್ದರೆ ಇನ್ನೂ ಹಸಿ ಅಂತ. ಆಗ ಅಗೆದರೆ ಹೆಂಟೆಗಳು ಒಣಗಿ ಕಲ್ಲಾಗಿಬಿಡುತ್ತವೆ.

ಗೊಬ್ಬರದ ವಿಷಯ ಕೇಳಲೇಬೇಡಿ. ಗಾಡಿಯವನು "ಹಳೇದು ಸಾರ್, ಕಾಫಿಪುಡಿ ಇದ್ದಂಗಿದೆ" ಅನ್ನುತ್ತಾನೆ. ಮೂಟೆಯ ಬಾಯಿ ಬಿಚ್ಚಿದರೆ ಸಗಣಿ ವಾಸನೆ. ಕಳಿತ ಗೊಬ್ಬರಕ್ಕೆ ಆ ವಾಸನೆ ಇರುವುದಿಲ್ಲ, ಅಲ್ವಾ? ಹಸಿ ಗೊಬ್ಬರ ಹಾಕಿದರೆ ಎಳೇ ಬೇರು ಸುಟ್ಟುಹೋಗುತ್ತದೆ. ಸುಮ್ನೆ ಇನ್ನೊಬ್ಬನಿಗೆ ಕಾಯುವುದೇ ವಾಸಿ.

ಕಾಯಲು ಟೈಮಿದೆ. ಏಪ್ರಿಲ್ 14ರ ಸುಮಾರಿಗೆ ಅಶ್ವಿನಿ ಮಳೆ, ತಿಂಗಳ ಕೊನೆಗೆ ಭರಣಿ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತಾರೆ. ಪಂಚಾಂಗದಲ್ಲಿ ಮಳೆ ಹುಟ್ಟುವುದು ಬೇರೆ, ನಮ್ಮ ಬೀದಿಯಲ್ಲಿ ಸುರಿಯುವುದು ಬೇರೆ. ಅಷ್ಟರಲ್ಲಿ ಪಾತಿ ಕಟ್ಟಿ, ಹರಿವೆ ಬೀಜಕ್ಕೆ ಮರಳು ಬೆರೆಸಿ ಇಟ್ಟುಕೊಂಡರಾಯಿತು. ಹಾಗೇ ಚೆಲ್ಲಿದರೆ ಬೀಜವೆಲ್ಲ ಒಂದೇ ಕಡೆ ಬೀಳುತ್ತದೆ. ಚೆಲ್ಲಿದ ಮೇಲೆ ಪಾತಿಯ ಸುತ್ತ ಒಂದಿಷ್ಟು ಅಕ್ಕಿ ನುಚ್ಚೂ ಉದುರಿಸಬೇಕು. ಇಲ್ಲದಿದ್ದರೆ ಇರುವೆಗಳು ಬೀಜವನ್ನೇ ಹೊತ್ತೊಯ್ಯುತ್ತವೆ.

ಪಾತಿ ಸಿದ್ಧವಾಗುವ ಮೊದಲೇ ಪಕ್ಕದ ಮನೆ ಅಜ್ಜಿ ಕಾಂಪೌಂಡಿನ ಮೇಲೆ ಮೊಣಕೈ ಊರಿ ನಿಂತಿರುತ್ತಾರೆ.

"ಈ ಸಲ ಬೆಂಡೆ ಹಾಕ್ಬೇಡಪ್ಪ."

"ಯಾಕಜ್ಜಿ? ಮಣ್ಣಿಗೆ ಆಗಿಬರಲ್ವಾ?"

"ಮಣ್ಣಿಗೇನಾಗಿದೆ, ನಮ್ಮನೇಲಿ ಯಾರೂ ತಿನ್ನಲ್ಲ. ಹೀರೆ ಹಾಕು. ಬಳ್ಳೀನ ಈ ಕಡೆ ಬಿಟ್ಬಿಡು, ನಾನು ನೋಡ್ಕೋತೀನಿ."