ಕ್ರೆಡಿಟ್ ಎಣಿಸಿದರೆ ಸಾಲದು

ಅಮೆರಿಕದ ಸರ್ಕಾರಿ ವಿಶ್ವವಿದ್ಯಾಲಯಗಳ ಸಾಮಾನ್ಯ ಶಿಕ್ಷಣವನ್ನು, ಅಂದರೆ ಯಾವ ವಿಷಯ ಓದಿದರೂ ಎಲ್ಲರೂ ಮುಗಿಸಬೇಕಾದ ಕೋರ್ಸ್‌ಗಳನ್ನು, ನಿಮ್ಮ ಪಟ್ಟಿಯಲ್ಲಿ ನೀವು ಬರೀ ಕ್ರೆಡಿಟ್ (ಕೋರ್ಸ್‌ನ ಪಾಠದ ಗಂಟೆಗಳ ಲೆಕ್ಕ) ಸಂಖ್ಯೆಯಿಂದ ಹೋಲಿಸಿದ್ದೀರಿ. ಟೆಕ್ಸಾಸ್‌ನಲ್ಲಿ 42, ಫ್ಲಾರಿಡಾದಲ್ಲಿ 36, ಹಾಗಾಗಿ ಫ್ಲಾರಿಡಾದಲ್ಲಿ ಹೊರೆ ಕಡಿಮೆ ಅಂತ. ಇದನ್ನು ನಾನು ಒಪ್ಪುವುದಿಲ್ಲ. ಒಂದೇ ಕೋರ್ಸ್ ಮುಖ್ಯ ವಿಷಯಕ್ಕೂ ಸಾಮಾನ್ಯ ಶಿಕ್ಷಣಕ್ಕೂ ಲೆಕ್ಕಕ್ಕೆ ಬರುತ್ತದೆಯೇ ಅನ್ನುವುದನ್ನು ಮೊದಲು ನೋಡಬೇಕು ಅಲ್ವಾ? ಎಂಜಿನಿಯರಿಂಗ್ ಓದುವವರು ಗಣಿತ, ಭೌತಶಾಸ್ತ್ರ ಹೇಗೂ ಓದಲೇಬೇಕು. ಅವು ಎರಡೂ ಕಡೆ ಸೇರಿದರೆ ಭಾರ ತಾನಾಗಿಯೇ ಇಳಿಯುತ್ತದೆ. ಸಾಹಿತ್ಯ ಓದುವವರ ಲೆಕ್ಕ ಬೇರೆಯೇ.

ಒಳಗೆ ಏನಿದೆ ಅನ್ನುವುದನ್ನೂ ನೋಡಿ. ಟೆಕ್ಸಾಸ್‌ನ 42ರಲ್ಲಿ 12 ಕ್ರೆಡಿಟ್ ಇತಿಹಾಸಕ್ಕೆ ಮತ್ತು ಸರ್ಕಾರದ ವ್ಯವಸ್ಥೆಯ ಪಾಠಕ್ಕೇ ಹೋಗುತ್ತದೆ. ಆದರೆ ಅಲ್ಲೊಂದು ದೊಡ್ಡ ಅನುಕೂಲವಿದೆ. ಕಮ್ಯುನಿಟಿ ಕಾಲೇಜಿನಲ್ಲಿ (ಸಾಮಾನ್ಯವಾಗಿ ಎರಡು ವರ್ಷದ ಸರ್ಕಾರಿ ಕಾಲೇಜು) ಈ 42 ಪೂರ್ತಿ ಮುಗಿಸಿ ಬಂದರೆ, ರಾಜ್ಯದ ಯಾವ ಸರ್ಕಾರಿ ವಿಶ್ವವಿದ್ಯಾಲಯವೂ ಅದನ್ನು ಇಡಿಯಾಗಿ ಒಪ್ಪಬೇಕು. ಕಾಲೇಜು ಬದಲಿಸುವ ಬಡ ಮಕ್ಕಳಿಗೆ ಇದು ಎಷ್ಟು ದುಡ್ಡು, ಎಷ್ಟು ಸಮಯ ಉಳಿಸುತ್ತದೆ! ನಿಮ್ಮ ಪಟ್ಟಿಯಲ್ಲಿ ಇದಕ್ಕೆ ಒಂದು ಕಾಲಂ ಕೂಡ ಇಲ್ಲ. ದಯವಿಟ್ಟು ಸೇರಿಸಿ.

ಈ ಶಿಕ್ಷಣದಿಂದ ಮಕ್ಕಳು ಎಷ್ಟು ಕಲಿತರು ಅನ್ನುವುದನ್ನೂ ಅಳೆಯುವುದಾದರೆ, ಸುಮ್ನೆ ಅಂಕ ನೋಡಬೇಡಿ. ಮೊದಲ ವರ್ಷದ ಪ್ರಬಂಧ, ಕೊನೆಯ ವರ್ಷದ ಪ್ರಬಂಧ ಎರಡನ್ನೂ ಒಂದೇ ಅಳತೆಗೋಲಿನಿಂದ ಓದಿ.