ಸ್ಥಳಕ್ಕೆಂದೇ ಮಾಡಿದ ಶಿಲ್ಪ ಸ್ಥಳ ಬಿಟ್ಟು ಕದಲಬಹುದೇ?

1987ರಲ್ಲಿ ಪೂರ್ವ ಲಂಡನ್ನಿನ ಹ್ಯಾಕ್ನಿಯಲ್ಲಿದ್ದ ಮ್ಯಾಟ್ಸ್ ಗ್ಯಾಲರಿಯ ಕೋಣೆಯೊಂದಕ್ಕೆ ಶಿಲ್ಪಿ ರಿಚರ್ಡ್ ವಿಲ್ಸನ್ ಸೊಂಟದೆತ್ತರಕ್ಕೆ ಎಣ್ಣೆ ತುಂಬಿಸಿದರು. ಅದು ವಾಹನಗಳಿಂದ ಇಳಿಸಿದ ಹಳೆಯ, ಕರ್ರಗಿನ ಎಂಜಿನ್ ಆಯಿಲ್. ನೋಡಲು ಬಂದವರು ಆ ಎಣ್ಣೆಯ ನಡುವೆ ಚಾಚಿಕೊಂಡ ಉಕ್ಕಿನ ಹಾದಿಯೊಂದರಲ್ಲಿ ನಡೆಯಬೇಕಿತ್ತು. ಮುಂದೆ ಹೋದಂತೆಲ್ಲ ಹಾದಿ ಕಿರಿದಾಗಿ, ಕೊನೆಗೆ ಒಬ್ಬರು ನಿಲ್ಲುವಷ್ಟೇ ಜಾಗ ಉಳಿಯುತ್ತಿತ್ತು. ಅಲ್ಲಿ ನಿಂತರೆ ಎರಡೂ ಬದಿಗೆ ಛಾವಣಿ, ಗೋಡೆ, ಕಿಟಕಿಗಳೆಲ್ಲ ಕೆಳಗೂ ಒಮ್ಮೆ ಕಾಣುತ್ತಿದ್ದವು. ಮೂಗಿಗೆ ವಾಸನೆ ಬಡಿಯದಿದ್ದರೆ ಅಲ್ಲೊಂದು ದ್ರವ ಇದೆಯೆಂಬುದೇ ತಿಳಿಯದಷ್ಟು ನಿಶ್ಚಲತೆ. ಕೃತಿಯ ಹೆಸರು ‘20:50’. ಗ್ಯಾರೇಜಿಗೆ ಹೋಗಿ ಬಂದವರಿಗೆ 20ಡಬ್ಲ್ಯು50 ಎಂಬ ಆಯಿಲ್ ಗ್ರೇಡ್ ಗೊತ್ತಿರುತ್ತದೆ. ಹೆಸರು ಬಂದದ್ದು ಅಲ್ಲಿಂದಲೇ.

ಆ ಕೋಣೆಗೆಂದೇ ಹುಟ್ಟಿದ ಈ ಕೃತಿಯನ್ನು ಮುಂದೆ ಸಂಗ್ರಾಹಕ ಚಾರ್ಲ್ಸ್ ಸಾಚಿ ಕೊಂಡರು. ಅವರ ಗ್ಯಾಲರಿ ಲಂಡನ್ನಿನೊಳಗೆ ಕಟ್ಟಡದಿಂದ ಕಟ್ಟಡಕ್ಕೆ ಬದಲಾದ ಹಾಗೆ ಎಣ್ಣೆಯ ಕೋಣೆಯೂ ಬೌಂಡರಿ ರೋಡ್, ಕೌಂಟಿ ಹಾಲ್, ಚೆಲ್ಸಿ ಎಂದು ಮೂರು ಕಡೆ ಮತ್ತೆ ಮತ್ತೆ ಕಟ್ಟಲ್ಪಟ್ಟಿತು. ಸ್ಥಳನಿರ್ದಿಷ್ಟ ಶಿಲ್ಪ ಎಂದು ಕರೆಸಿಕೊಂಡ ಕೃತಿ ಹೀಗೆ ಊರಾಡಬಹುದೇ? ಈ ಪ್ರಶ್ನೆಯ ಎರಡೂ ಪಕ್ಷಗಳನ್ನು ಇಲ್ಲಿ ನಾನೊಬ್ಬನೇ ಬರೆದಿದ್ದೇನೆ. ತಕ್ಕಡಿಯನ್ನು ಸಮ ಹಿಡಿಯುವ ಗೋಜಿಗೆ ಹೋಗಿಲ್ಲ. ಒಲವು ಎತ್ತ ಕಡೆಗಿದೆ ಎಂಬುದು ಓದುತ್ತ ತಿಳಿದೀತು.

ಪರ

ಮೊದಲು ಇತ್ಯರ್ಥವಾಗಬೇಕಾದದ್ದು ‘ಸ್ಥಳ’ ಎಂಬ ಪದದ ಅರ್ಥ. ಅಂಚೆ ವಿಳಾಸವೇ ಸ್ಥಳವೆಂದಾದರೆ ವಿಲ್ಸನ್ ಅವರ ಎಣ್ಣೆ 1987ರ ನಂತರ ಎಲ್ಲಿಯೂ ಕಾಣಿಸಿಕೊಳ್ಳಬಾರದಿತ್ತು. ಆದರೆ ಆ ಕೃತಿಯನ್ನು ಕಟ್ಟಿರುವುದು ವಿಳಾಸದಿಂದಲ್ಲ. ಒಂದು ಕೋಣೆಯ ಉದ್ದಗಲ, ಅದರೊಳಗೆ ಬೀಳುವ ಬೆಳಕು, ಸೊಂಟದ ಮಟ್ಟದಲ್ಲಿ ನಿಂತ ಒಂದು ಮೇಲ್ಮೈ, ಅದರೆದುರು ಉಸಿರು ಬಿಗಿಹಿಡಿದು ನಿಂತ ಮನುಷ್ಯನ ದೇಹ ಇವುಗಳ ಸಂಬಂಧದಿಂದ. ಹೊಸ ಕಟ್ಟಡಕ್ಕೆ ಹೋದಾಗ ಉಕ್ಕಿನ ತೊಟ್ಟಿಯನ್ನು ಆ ಕಟ್ಟಡದ ಕೋಣೆಯ ಅಳತೆಗೆ ಕೂರಿಸಬೇಕು, ಎಣ್ಣೆಯ ಅಂಚು ಅದರ ಗೋಡೆಗೆ ಸಂದಿಲ್ಲದೆ ತಾಗಬೇಕು. ಇದನ್ನು ಸಾಮಾನು ಸಾಗಿಸಿದ ಹಾಗೆ ಎಂದು ಕಾಣುವುದು ತಪ್ಪು. ಕೃತಿಯನ್ನು ಮತ್ತೊಮ್ಮೆ ಮಾಡುವುದು ಎನ್ನಬೇಕು. ಬೌಂಡರಿ ರೋಡಿನದು ಹಿಂದೆ ಬಣ್ಣದ ಕಾರ್ಖಾನೆಯಾಗಿದ್ದ ಬಿಳಿಯ ಕಟ್ಟಡ, ಕೌಂಟಿ ಹಾಲ್ ಒಂದು ಕಾಲದ ಲಂಡನ್ ಆಡಳಿತದ ಕೇಂದ್ರ, ಚೆಲ್ಸಿಯ ಡ್ಯೂಕ್ ಆಫ್ ಯಾರ್ಕ್ಸ್ ಹೆಡ್‌ಕ್ವಾರ್ಟರ್ಸ್ ಹೆಸರೇ ಹೇಳುವಂತೆ ಸೇನೆಯದು. ಒಂದೇ ಎಣ್ಣೆ ಮೂರು ಬಗೆಯ ಚರಿತ್ರೆಗೆ ಕನ್ನಡಿ ಹಿಡಿಯಿತು. ತಾನು ಎಲ್ಲಿದೆಯೋ ಅದನ್ನೇ ತೋರಿಸುವ ಕೃತಿಗಿಂತ ಸ್ಥಳಕ್ಕೆ ಹೆಚ್ಚು ನಿಷ್ಠವಾದದ್ದು ಇನ್ನೇನಿದ್ದೀತು?

ವಿಲ್ಸನ್ ಅವರ ಹಿನ್ನೆಲೆಯೂ ಈ ಮಾತಿಗೆ ಒದಗುತ್ತದೆ. 1953ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ಹಾರ್ನ್ಸಿ ಕಲಾ ಕಾಲೇಜಿನಲ್ಲೂ ರೆಡಿಂಗ್ ವಿಶ್ವವಿದ್ಯಾಲಯದಲ್ಲೂ ಓದಿದ ಅವರು 1983ರಲ್ಲಿ ಆ್ಯನ್ ಬೀನ್ ಮತ್ತು ಪಾಲ್ ಬರ್‌ವೆಲ್ ಜೊತೆಗೂಡಿ ಬೋ ಗ್ಯಾಮೆಲಾನ್ ಎನ್‌ಸೆಂಬಲ್ ಎಂಬ ತಂಡ ಕಟ್ಟಿದರು. ಗುಜರಿ ಕಬ್ಬಿಣ, ಮೋಟರು, ಬೆಂಕಿಗಳಿಂದ ನಾದ ಹೊರಡಿಸುವುದು ಆ ತಂಡದ ಕೆಲಸ. ನುಡಿಸುವವರಿಗೆ ಒಂದು ಸಂಗತಿ ಗೊತ್ತಿರುತ್ತದೆ: ಇಂದಿನ ಕಛೇರಿ ನಿನ್ನೆಯದರಂತೆ ಇರುವುದಿಲ್ಲ, ಆದರೂ ಕೃತಿ ಅದೇ. ಧಾರವಾಡದಲ್ಲಿ ಹಾಡಿದ ರಾಗವನ್ನು ಮೈಸೂರಿನಲ್ಲಿ ಹಾಡಿದರೆ ರಾಗಕ್ಕೆ ದ್ರೋಹವಾಯಿತೆಂದು ಯಾರೂ ದೂರುವುದಿಲ್ಲ. ಎಣ್ಣೆಯ ಕೋಣೆಯನ್ನೂ ಹಾಗೆ ಆಯಾ ಸಭೆಗೆ ತಕ್ಕಂತೆ ನುಡಿಸಬಹುದು.

ಸ್ಥಳಾಂತರವನ್ನೇ ವಸ್ತುವಾಗಿಸಿಕೊಂಡ ಕೃತಿಯೂ ಅವರದೊಂದಿದೆ. 2000ದಲ್ಲಿ ಜಪಾನಿನ ನೀಗಾತಾ ಪ್ರಾಂತದ ಎಚಿಗೊ–ತ್ಸುಮಾರಿ ತ್ರೈವಾರ್ಷಿಕ ಕಲಾಮೇಳಕ್ಕಾಗಿ ಅವರು ತಮ್ಮ ಲಂಡನ್ ಮನೆಯ ಆಕಾರವನ್ನು ಉಕ್ಕಿನ ಚೌಕಟ್ಟಿನಲ್ಲಿ ಕಟ್ಟಿ ನಾಕಾಸಾತೊ ಎಂಬಲ್ಲಿ ನಿಲ್ಲಿಸಿದರು. ಲಂಡನ್ನಿನಲ್ಲಿ ಆ ಮನೆಗೆ ಯಾವುದು ಉತ್ತರವೋ, ಯಾವುದು ನೆಟ್ಟಗೋ, ಅದನ್ನು ಹಾಗೆಯೇ ಉಳಿಸಿಕೊಂಡರು. ಭೂಮಿ ದುಂಡಗಿರುವ ಕಾರಣ ಲಂಡನ್ನಿನಲ್ಲಿ ನೆಟ್ಟಗೆ ನಿಂತ ಮನೆ ಜಪಾನಿನ ನೆಲದಲ್ಲಿ ಬಿದ್ದುಹೋಗುವಂತೆ ವಾಲಿತು; ಎಷ್ಟು ಡಿಗ್ರಿ, ಎಷ್ಟು ಮಿನಿಟು ಎಂಬ ಲೆಕ್ಕವನ್ನು ಕೃತಿಯ ಹೆಸರಿನಲ್ಲೇ ಬರೆದರು. ಒಂದು ಜಾಗವನ್ನು ಇನ್ನೊಂದಕ್ಕೆ ಒಯ್ಯುವುದರಲ್ಲೇ ಇಷ್ಟು ಅರ್ಥ ಕಂಡ ಶಿಲ್ಪಿಯ ಕೃತಿಗಳಿಗೆ, ಹುಟ್ಟಿದಲ್ಲೇ ಸಾಯಿರಿ ಎಂದು ವಿಧಿಸಲು ನಾವು ಯಾರು?

ಇನ್ನೊಂದು ಮಾತು. ಕದಲಬಾರದು ಎನ್ನುವವರು ಸ್ಥಳವಾದರೂ ಕದಲದೆ ಇರುತ್ತದೆಂದು ನಂಬಿದಂತಿದೆ. 2000ದಲ್ಲೇ ವಿಲ್ಸನ್ ‘ಆರ್ಕೊ ಟ್ರೆಂಟ್’ ಎಂಬ ಮರಳೆತ್ತುವ ಹಡಗನ್ನು ಕೊಯ್ದು, ಅದರ ಉದ್ದದ ಸುಮಾರು ಶೇಕಡ 15ರಷ್ಟು ಭಾಗವನ್ನು ಮಾತ್ರ ಗ್ರೀನಿಚ್ ಪರ್ಯಾಯದ್ವೀಪದ ಬಳಿ ಥೇಮ್ಸ್ ನದಿಯ ಅಂಚಿನಲ್ಲಿ ನಿಲ್ಲಿಸಿದರು. ಕೃತಿಯ ಹೆಸರು ‘ಸ್ಲೈಸ್ ಆಫ್ ರಿಯಾಲಿಟಿ’. ಆಗ ಅಲ್ಲಿ ಇದ್ದದ್ದು ಅನಿಲ ಕಾರ್ಖಾನೆ ಬಿಟ್ಟುಹೋದ ಬಯಲು ಮತ್ತು ಹೊಸದಾಗಿ ಎದ್ದ ಮಿಲೇನಿಯಂ ಡೋಮ್; ಇಂದು ಸುತ್ತ ವಸತಿ ಗೋಪುರಗಳು. ಹಡಗಿನ ಹೋಳು ಇದ್ದಲ್ಲೇ ಇದೆ, ಅದರ ಸ್ಥಳ ಅದನ್ನು ಬಿಟ್ಟು ಎಲ್ಲಿಗೋ ಹೋಗಿದೆ.

ಕೊನೆಯದು ನೋಡುಗರ ಹಕ್ಕು. ಹ್ಯಾಕ್ನಿಯ ಪುಟ್ಟ ಗ್ಯಾಲರಿಗೆ ಹೋದವರೆಷ್ಟು ಮಂದಿ? ದಶಕಗಳ ಕಾಲ ಬೇರೆಡೆ ಉಳಿದದ್ದರಿಂದಲೇ ಆಮೇಲಿನ ತಲೆಮಾರು ಆ ಎಣ್ಣೆಯ ಮುಂದೆ ನಿಲ್ಲಲು ಸಾಧ್ಯವಾಯಿತು. ಶಿಲ್ಪಿ ರೇಚಲ್ ವೈಟ್‌ರೀಡ್ ಅವರು 1993ರಲ್ಲಿ ಪೂರ್ವ ಲಂಡನ್ನಿನ ಮನೆಯೊಂದರ ಒಳಗನ್ನು ಕಾಂಕ್ರೀಟಿನಲ್ಲಿ ಎರಕ ಹೊಯ್ದ ‘ಹೌಸ್’ ಅನ್ನು 1994ರ ಜನವರಿಯಲ್ಲಿ ಕೆಡವಿಹಾಕಿದರು. ಈಗ ಉಳಿದಿರುವುದು ಚಿತ್ರಗಳು ಮಾತ್ರ. ಚಿತ್ರಕ್ಕೆ ಎಣ್ಣೆಯ ವಾಸನೆ ಇರುವುದಿಲ್ಲ.

ವಿರೋಧ

ಎಣ್ಣೆ ಎಲ್ಲಿಟ್ಟರೂ ಅಲ್ಲಿಯದನ್ನೇ ತೋರಿಸುತ್ತದೆ ಎಂಬ ವಾದ ಚುರುಕಾದದ್ದೇ, ಆದರೆ ಅದು ಕಥೆಯನ್ನು ಅರ್ಧದಿಂದ ಶುರುಮಾಡುತ್ತದೆ. ಮ್ಯಾಟ್ಸ್ ಗ್ಯಾಲರಿಯನ್ನು ನಡೆಸುತ್ತಿದ್ದ ರಾಬಿನ್ ಕ್ಲಾಸ್ನಿಕ್ ಸ್ವತಃ ಕಲಾವಿದರು. ಕಲಾವಿದನಿಗೆ ಕೋಣೆಯನ್ನು ಬಿಟ್ಟುಕೊಟ್ಟು, ಅದರೊಳಗೇ ಕೂತು ಯೋಚಿಸಿ ಕೆಲಸ ಮಾಡಲು ಸಮಯ ಕೊಡುವುದು ಅಲ್ಲಿನ ರೀತಿ. ಅಲ್ಲಿ ಕೋಣೆ ಮೊದಲಿತ್ತು, ಕೃತಿ ಅದರಿಂದ ಹುಟ್ಟಿತು. ಮುಂದಿನ ಮೂರು ಕಡೆಗಳಲ್ಲಿ ಕೃತಿ ಮೊದಲೇ ಸಿದ್ಧವಾಗಿತ್ತು, ಅದಕ್ಕೊಂದು ಕೋಣೆ ಹುಡುಕಿದರು. ಕಣ್ಣಿಗೆ ಕಾಣುವುದು ಒಂದೇ ಇರಬಹುದು. ಹುಟ್ಟಿದ ಬಗೆ ತಿರುವುಮುರುವಾಗಿದೆ. ದೇವಸ್ಥಾನದ ಮೂಲವಿಗ್ರಹಕ್ಕೂ ಉತ್ಸವಮೂರ್ತಿಗೂ ಇರುವ ಭೇದ ತಿಳಿದ ನಮಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಉತ್ಸವಮೂರ್ತಿ ಬೀದಿ ಸುತ್ತಿ ಬರಲಿ, ಅದಕ್ಕೂ ಪೂಜೆ ಸಲ್ಲಲಿ. ಆದರೆ ಗರ್ಭಗುಡಿಯಲ್ಲಿರುವುದು ಅದಲ್ಲ.

ಅದೇ ಕಲಾವಿದ, ಅದೇ ಗ್ಯಾಲರಿಗಾಗಿ ಮಾಡಿದ ಇನ್ನೆರಡು ಕೃತಿಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಎಣ್ಣೆಯ ಕೋಣೆ ಎಂಥ ಅಪವಾದವೆಂಬುದು ತಿಳಿಯುತ್ತದೆ. 1989ರಲ್ಲಿ ಅವರು ಗ್ಯಾಲರಿಯ ಕಿಟಕಿಯನ್ನೇ ಗೋಡೆಯಿಂದ ಬಿಡಿಸಿ ಕೋಣೆಯೊಳಕ್ಕೆ ತಂದು ನಿಲ್ಲಿಸಿದರು. 1994ರ ‘ವಾಟರ್‌ಟೇಬಲ್’ ಕೃತಿಯಲ್ಲಿ ಬಿಲಿಯರ್ಡ್ಸ್ ಮೇಜನ್ನು ನೆಲಮಟ್ಟಕ್ಕೆ ಹುಗಿದು, ಅದನ್ನು ಕೊರೆದು, ಕೆಳಗಿನ ಅಂತರ್ಜಲದವರೆಗೆ ಕೊಳವೆ ಇಳಿಸಿದರು. ಅಂತರ್ಜಲದ ಮಟ್ಟಕ್ಕೆ ಇಂಗ್ಲಿಷಿನಲ್ಲಿ ‘ನೀರಿನ ಮೇಜು’ ಎನ್ನುತ್ತಾರೆ, ಹೆಸರಿನ ಶ್ಲೇಷೆ ಅಲ್ಲಿದೆ. ಮೇಜನ್ನು ಲಾರಿಗೆ ಹೇರಬಹುದು, ಲಂಡನ್ನಿನ ನೆಲದಡಿಯ ನೀರನ್ನು ಹೇರಲಾಗದು. ಇಂಥ ಕೃತಿಗಳಲ್ಲಿ ಸ್ಥಳವನ್ನು ಕಳೆದರೆ ಉಳಿಯುವುದು ಒಂದು ತೂತುಬಿದ್ದ ಪೀಠೋಪಕರಣ.

ವಿಲ್ಸನ್ ಅವರ ಸಾಧನೆಯ ಶಿಖರ ಯಾವುದೆಂದು ಕೇಳಿದರೆ ನಾನು ಎಣ್ಣೆಯ ಕೋಣೆಯ ಬದಲು 2007ರ ಲಿವರ್‌ಪೂಲಿನ ‘ಟರ್ನಿಂಗ್ ದ ಪ್ಲೇಸ್ ಓವರ್’ ಅನ್ನು ಹೆಸರಿಸುತ್ತೇನೆ. ಮೂರ್‌ಫೀಲ್ಡ್ಸ್ ಬೀದಿಯಲ್ಲಿ ಕ್ರಾಸ್ ಕೀಸ್ ಹೌಸ್ ಎಂಬ ಪಾಳುಬಿದ್ದ ಕಟ್ಟಡವೊಂದಿತ್ತು. ಅದರ ಮುಂಭಾಗದಲ್ಲಿ ಎಂಟು ಮೀಟರ್ ಅಗಲದ ಮೊಟ್ಟೆಯಾಕಾರದ ತುಂಡನ್ನು ಗೋಡೆ, ಕಿಟಕಿ, ಗಾಜುಗಳ ಸಮೇತ ಕತ್ತರಿಸಿ, ದೈತ್ಯ ಅಕ್ಷವೊಂದಕ್ಕೆ ಸಿಕ್ಕಿಸಿ ತಿರುಗಲು ಬಿಟ್ಟರು. ಗೋಡೆಯ ತುಂಡು ಬೀದಿಯ ಮೇಲಕ್ಕೆ ಚಾಚಿ, ಮಗುಚಿ, ಕಟ್ಟಡದ ಒಳಹೊಟ್ಟೆಯನ್ನು ಒಂದು ಗಳಿಗೆ ತೋರಿಸಿ, ಮತ್ತೆ ತನ್ನ ತೂತಿಗೇ ಬಂದು ಸರಿಯಾಗಿ ಕೂರುತ್ತಿತ್ತು. ಆ ಕೂರುವ ಕ್ಷಣದಲ್ಲಿ ಅಲ್ಲಿ ಶಿಲ್ಪವೇ ಇಲ್ಲ, ಬರೀ ಹಳೆಯ ಗೋಡೆ. ಲಿವರ್‌ಪೂಲ್ 2008ರಲ್ಲಿ ಯುರೋಪಿನ ಸಾಂಸ್ಕೃತಿಕ ರಾಜಧಾನಿಯಾಗಲು ಮೈ ತೊಳೆದುಕೊಳ್ಳುತ್ತಿದ್ದ ಹೊತ್ತಿನಲ್ಲಿ, ಆ ತೊಳೆತದಲ್ಲಿ ಹೋಗಲಿದ್ದ ಕಟ್ಟಡವೊಂದು ಹೀಗೆ ತಿರುಗುತ್ತಿತ್ತು. 2011ರಲ್ಲಿ ಅದನ್ನು ನಿಲ್ಲಿಸಿದರು. ಅಕ್ಷ, ಮೋಟರುಗಳನ್ನು ಬಿಚ್ಚಿ ಬೇರೆ ಊರಿನ ಬೇರೆ ಗೋಡೆಗೆ ಹಾಕಬಹುದಿತ್ತಲ್ಲ ಎಂದರೆ, ಅದು ಜಾತ್ರೆಯ ತೊಟ್ಟಿಲಾಗುತ್ತಿತ್ತು.

ತಿರುಗುವ ಗೋಡೆಯ ಕಲ್ಪನೆಯನ್ನು ವಿಲ್ಸನ್ 1999ರಲ್ಲೇ ಸ್ಟಾಕ್‌ಟನ್ನಿನ ಕಲಾಕೇಂದ್ರವೊಂದರ ಹೊಸ ಕಟ್ಟಡದಲ್ಲಿ ಬಳಸಿದ್ದರಲ್ಲ ಎಂದು ಪರದವರು ಕೇಳಬಹುದು. ಕೇಳಲಿ, ನನ್ನ ವಾದ ನಿಂತಿರುವುದು ಅಲ್ಲೇ. ಕಲ್ಪನೆ ಎಷ್ಟು ಬೇಕಾದರೂ ಪ್ರಯಾಣ ಮಾಡಲಿ. ಸ್ಟಾಕ್‌ಟನ್ನಿನಿಂದ ಲಿವರ್‌ಪೂಲಿಗೆ ಬಂದದ್ದು ಕಲ್ಪನೆ. ಬಂದ ಮೇಲೆ ಅದು ಆ ಪಾಳು ಕಟ್ಟಡವನ್ನು ನೋಡಿ ಬೇರೆಯೇ ಕೃತಿಯಾಯಿತು. ಜಪಾನಿನಲ್ಲಿ ವಾಲಿ ನಿಂತ ಮನೆಯೂ ಹಾಗೆಯೇ: ಅದು ಲಂಡನ್ನಿನಿಂದ ಸಾಗಿಸಿದ ಶಿಲ್ಪವಲ್ಲ, ನಾಕಾಸಾತೊಗೆಂದೇ ಲೆಕ್ಕ ಹಾಕಿ ಮಾಡಿದ್ದು. ಅದನ್ನು ಅಲ್ಲಿಂದ ಕಿತ್ತು ಇನ್ನೊಂದು ಅಕ್ಷಾಂಶದಲ್ಲಿ ನೆಟ್ಟರೆ ಹೆಸರಿನಲ್ಲಿರುವ ಕೋನವೇ ಸುಳ್ಳಾಗುತ್ತದೆ.

ಸಾಗಿಸಿದಾಗ ಏನಾಗುತ್ತದೆಂಬುದಕ್ಕೆ ಬಸ್ಸಿನ ಉದಾಹರಣೆ ಇದೆ. 1969ರ ಬ್ರಿಟಿಷ್ ಚಲನಚಿತ್ರವೊಂದರ ಕೊನೆಯಲ್ಲಿ ಕದ್ದ ಚಿನ್ನ ತುಂಬಿದ ಬಸ್ಸು ಪರ್ವತದ ಅಂಚಿನಲ್ಲಿ ಅರ್ಧ ನೇತಾಡುತ್ತ ನಿಲ್ಲುತ್ತದೆ. ಲಂಡನ್ ಒಲಿಂಪಿಕ್ಸ್ ನಡೆದ 2012ರಲ್ಲಿ ವಿಲ್ಸನ್ ಅಂಥದೇ ಬಸ್ಸೊಂದನ್ನು ಬೆಕ್ಸ್‌ಹಿಲ್ ಕಡಲತೀರದ ಡಿ ಲಾ ವಾರ್ ಪೆವಿಲಿಯನ್ನಿನ ಮಾಳಿಗೆಯ ಅಂಚಿನಲ್ಲಿ ತೂಗುವಂತೆ ಕೂರಿಸಿದರು. 1935ರ ಆ ಕಟ್ಟಡ ಎರಿಕ್ ಮೆಂಡಲ್ಸೋನ್ ಮತ್ತು ಸರ್ಜ್ ಚೆರ್ಮಯೆಫ್ ಅವರದು. ಅದರ ಉದ್ದಾನುದ್ದ ಬಿಳಿಯ ಗೆರೆ, ಎದುರಿನ ಕಡಲಿನ ಗೆರೆ, ಇವೆರಡರ ಶಾಂತಿಯನ್ನು ಕೆಡಿಸುತ್ತ ಬಸ್ಸು ಏರಿ ಇಳಿಯುತ್ತಿತ್ತು. 2015ರಲ್ಲಿ ಅದೇ ಬಸ್ಸು ಹಾಂಗ್‌ಕಾಂಗಿನ ಪೆನಿನ್ಸುಲಾ ಹೋಟೆಲಿನ ಮೇಲೇರಿತು, ಅಲ್ಲಿ ಅಂತರರಾಷ್ಟ್ರೀಯ ಕಲಾ ಸಂತೆ ನಡೆಯುವ ಹೊತ್ತಿಗೆ. ತಮಾಷೆ ಹಾಗೇ ಉಳಿಯಿತು, ನೋಡಿದವರು ನಕ್ಕಿರಲೂಬಹುದು. ಆದರೆ ಬೆಕ್ಸ್‌ಹಿಲ್ಲಿನಲ್ಲಿ ಬಸ್ಸು ಒಂದು ಕಟ್ಟಡದ ಜೊತೆ ಮಾತಿಗಿಳಿದಿತ್ತು. ಇಲ್ಲಿ ಐಷಾರಾಮಿ ಹೋಟೆಲೊಂದರ ತಲೆಯ ಮೇಲಿನ ಹೂವಾಯಿತು.

ಇದರ ಹಿಂದೆ ದುಡ್ಡಿನ ಮಾತೂ ಇದೆ. ಸ್ಥಳಕ್ಕೆ ಕಟ್ಟಿಕೊಂಡ ಕೃತಿಯನ್ನು ಮಾರುವುದು ಕಷ್ಟ, ಕೊಳ್ಳುವುದು ಕಷ್ಟ. 1988 ಮತ್ತು 1989ರಲ್ಲಿ ಎರಡು ಬಾರಿ ಬ್ರಿಟನ್ನಿನ ಹೆಸರಾಂತ ಕಲಾ ಪ್ರಶಸ್ತಿಯಾದ ಟರ್ನರ್ ಪ್ರಶಸ್ತಿಯ ಪಟ್ಟಿಗೆ ಬಂದ ವಿಲ್ಸನ್ ಅವರ ಪೀಳಿಗೆಯ ಕಲಾವಿದರಿಗೆ ಆ ಕಷ್ಟವೇ ಒಂದು ಬಗೆಯ ಸ್ವಾತಂತ್ರ್ಯವಾಗಿತ್ತು. ಕದಲಿಸಬಹುದು ಎಂದೊಡನೆ ಕೃತಿ ಆಸ್ತಿಯ ಸಾಲಿಗೆ ಸೇರುತ್ತದೆ. ಬ್ರಿಟನ್ನಿನ 1988ರ ಕೃತಿಸ್ವಾಮ್ಯ ಕಾಯಿದೆಯು ಕೃತಿಯನ್ನು ವಿರೂಪಗೊಳಿಸದಂತೆ ತಡೆಯುವ ಹಕ್ಕನ್ನು ಕಲಾವಿದರಿಗೆ ಕೊಟ್ಟಿದೆ. ಇಡೀ ಕೃತಿಯನ್ನು ಎತ್ತಿ ಬೇರೆಡೆ ಇಡುವುದು ವಿರೂಪವೆಂದು ಅದು ಸ್ಪಷ್ಟವಾಗಿ ಹೇಳುವುದಿಲ್ಲ. ನ್ಯೂಯಾರ್ಕಿನ ಸರ್ಕಾರಿ ಚೌಕದಲ್ಲಿ 1981ರಲ್ಲಿ ನಿಲ್ಲಿಸಿದ್ದ ಶಿಲ್ಪಿ ರಿಚರ್ಡ್ ಸೆರಾ ಅವರ ಉಕ್ಕಿನ ಗೋಡೆಯನ್ನು, ಅವರು ನ್ಯಾಯಾಲಯಕ್ಕೆ ಹೋದರೂ ಬಿಡದೆ, 1989ರಲ್ಲಿ ತುಂಡು ಮಾಡಿ ಸಾಗಿಸಿದರು. ಕಾನೂನಿನ ಆಸರೆ ಇಷ್ಟು ತೆಳುವಾಗಿರುವಾಗ, ಸ್ಥಳವೂ ಕೃತಿಯ ಭಾಗ ಎಂಬ ಹಟವನ್ನು ಕಲಾವಿದರೇ ಬಿಟ್ಟುಕೊಟ್ಟರೆ, ನಾಳೆ ಯಾವ ನಗರಸಭೆಯಾದರೂ ಪಾರ್ಕಿಂಗಿಗೆ ಜಾಗ ಬೇಕೆಂದು ಶಿಲ್ಪವನ್ನು ಊರಾಚೆ ಇಟ್ಟುಬರಬಹುದು.

ಇನ್ನು ಗ್ರೀನಿಚ್ಚಿನ ಹಡಗಿನ ಹೋಳು. ಸ್ಥಳ ಅದನ್ನು ಬಿಟ್ಟುಹೋಯಿತು ಎಂಬ ಮಾತು ಕೇಳಲು ಚೆನ್ನ. ಆದರೆ ನದಿ ಹೋಗಿಲ್ಲ. ದಿನಕ್ಕೆರಡು ಸಲ ನೀರು ಇಳಿದು ಕೆಸರು ಕಾಣುತ್ತದೆ. ಕಟ್ಟಡಗಳಿಗೆ ಬೇಕಾದ ಮರಳನ್ನು ಮೊಗೆಯುತ್ತಿದ್ದ ಹಡಗು ಈಗ ಕಾಂಕ್ರೀಟಿನ ಗೋಪುರಗಳೆದುರು ತುಕ್ಕು ಹಿಡಿದು ನಿಂತಿದೆ. 2000ದಲ್ಲಿ ಇಲ್ಲದ ಈ ಅರ್ಥ ಅದಕ್ಕೆ ಬಂದದ್ದು ಕದಲದೆ ನಿಂತದ್ದರಿಂದ.

ಕಠಿಣ ಪ್ರಕರಣ ಹೀಥ್ರೂವಿನದು. ಏರ್ ಇಂಡಿಯಾದಲ್ಲಿ ಲಂಡನ್ನಿಗೆ ಹೋಗಿಬಂದ ಕನ್ನಡಿಗರಲ್ಲಿ ಹಲವರು ಅಲ್ಲಿನ ಎರಡನೇ ಟರ್ಮಿನಲ್ಲಿನ ಛಾವಣಿ ಹೊದಿಸಿದ ಅಂಗಳದಲ್ಲಿ ತಲೆಯ ಮೇಲೆ ಸುರುಳಿ ಸುತ್ತಿಕೊಂಡು ಹೋಗುವ ಅಲ್ಯುಮಿನಿಯಂ ರೂಪವನ್ನು ಕಂಡಿರಬಹುದು. ಅದು 2014ರ ‘ಸ್ಲಿಪ್‌ಸ್ಟ್ರೀಮ್’: ಸುಮಾರು 78 ಮೀಟರ್ ಉದ್ದ, 77 ಟನ್ ತೂಕ, ಕಸರತ್ತಿನ ಪುಟ್ಟ ವಿಮಾನವೊಂದು ಗಾಳಿಯಲ್ಲಿ ಹೊರಳಿದ ದಾರಿಯನ್ನೇ ಹೆಪ್ಪುಗಟ್ಟಿಸಿದಂತಿದೆ. ವಿಮಾನ ನಿಲ್ದಾಣಗಳಿಗೆ ಆಯುಸ್ಸು ಕಡಿಮೆ. ಅಲ್ಲಿದ್ದ ಹಳೆಯ ಟರ್ಮಿನಲ್ 1955ರಲ್ಲಿ ತೆರೆದು 2009ರಲ್ಲಿ ಮುಚ್ಚಿತು, ಮರುವರ್ಷ ನೆಲಸಮವಾಯಿತು. ಈಗಿನದಕ್ಕೂ ಅಂಥ ದಿನ ಬಂದಾಗ ಈ ಶಿಲ್ಪವನ್ನು ಯಾವುದಾದರೂ ಉದ್ಯಾನದಲ್ಲಿ ಕಂಬ ನೆಟ್ಟು ಏರಿಸಬೇಕೆಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ನನ್ನನ್ನು ಕೇಳಿದರೆ ಟರ್ಮಿನಲ್ಲಿನ ಜೊತೆಗೇ ಅದನ್ನೂ ಇಳಿಸಲಿ ಎನ್ನುತ್ತೇನೆ. ಅಲ್ಯುಮಿನಿಯಂ ಕರಗಿಸಿದರೆ ಮತ್ತೆ ಯಾವುದಕ್ಕಾದರೂ ಬರುತ್ತದೆ.