ಸಿಂಹ ಕಾಣ್ತಾ?

ಬೆಳಗ್ಗೆಯಿಂದ ಸೋಫಾ ಕವರಿಗೆ ಅಂಟಿದ ಮೇಣ ಕೆರೆಯುತ್ತಿದ್ದೇನೆ. ಮೇಲೆ ಕಾಗದ ಇಟ್ಟು ಇಸ್ತ್ರಿ ಮಾಡಿದರೆ ಬಿಡುತ್ತದೆ. ಇಸ್ತ್ರಿಗೆ ಕರೆಂಟು ಬೇಕಲ್ಲ! ಚಿಕ್ಕಮಗಳೂರಿನಲ್ಲಿ ಮೂರು ದಿನ ಬಿಡದೆ ಮಳೆ ಹೊಡೆದರೆ ಏನಾಗುತ್ತೆ ಅಂತ ನಿಮಗೂ ಗೊತ್ತು.

ಇದಕ್ಕೆಲ್ಲ ಕಾರಣ ಶೋಕೇಸಿನಲ್ಲಿರುವ ಬೆಳ್ಳಿ ಕ್ಯಾಂಡಲ್ ಸ್ಟ್ಯಾಂಡು. ತೋಟ ಮಾರಿ ಇಂಗ್ಲೆಂಡಿಗೆ ಹೊರಟ ದೊರೆಯ ಬಂಗಲೆಯಿಂದ ನಮ್ಮ ಯಜಮಾನರ ತಾತ ಕೊಂಡು ತಂದಿದ್ದು. ನಮ್ಮ ಕಡೆ ಎಷ್ಟು ಎಕರೆ ತೋಟ ಅಂತ ಬಾಯಿಬಿಟ್ಟು ಹೇಳಿಕೊಳ್ಳುವುದು ಮರ್ಯಾದೆಯಲ್ಲ. ಆ ಕೆಲಸಕ್ಕೆ ಕೆಲವರ ಮನೆ ಗೋಡೆಯಲ್ಲಿ ಜಿಂಕೆ ಕೊಂಬಿದೆ, ನಮ್ಮಲ್ಲಿ ಇದು. ಕರೆಂಟು ಹೋದಾಗ ಹಚ್ಚುತ್ತೇವೆ ಅಂದುಕೊಂಡಿರಾ? ಛೆ! ಅದಕ್ಕೆ ಬೋರಲು ಹಾಕಿದ ಸ್ಟೀಲ್ ಲೋಟ ಇದೆ. ಬೆಳ್ಳಿಯದು ಗಾಳಿಯ ಗಂಧಕ ತಾಗಿ ಕಪ್ಪಾಗುತ್ತಿರುತ್ತದೆ, ನಾನು ವಿಭೂತಿ ಹಾಕಿ ಉಜ್ಜುತ್ತಿರುತ್ತೇನೆ.

ಅತ್ತೆಗೊಂದು ಚಾಳಿ. ಯಾರೇ ಬರಲಿ, ಕಾಫಿ ಕೈಗೆ ಬರುವ ಮೊದಲೇ ಸ್ಟ್ಯಾಂಡನ್ನು ತಲೆಕೆಳಗು ಮಾಡುತ್ತಾರೆ. "ಅಡಿಯಲ್ಲಿ ಸಿಂಹ ಇದೆ ನೋಡಿ." ಮುಂಗಾಲೆತ್ತಿ ನಡೆಯುವ ಪುಟ್ಟ ಸಿಂಹ. ಸಾವಿರಕ್ಕೆ 925 ಪಾಲು ಬೆಳ್ಳಿ ಇದ್ದರೆ ಇಂಗ್ಲೆಂಡಿನಲ್ಲಿ ಒತ್ತುವ ಮುದ್ರೆ. ಆ 925 ಅನ್ನು ಅತ್ತೆ ಮಗನ ಮಾರ್ಕ್ಸ್ ಕಾರ್ಡ್ ಓದಿದ ಹಾಗೆ ಹೇಳುತ್ತಾರೆ. ಗ್ಯಾಸ್ ಸಿಲಿಂಡರ್ ತರುವ ಹುಡುಗನೂ ಸಿಂಹ ನೋಡಿದ್ದಾನೆ. ಆದರೆ ಉಜ್ಜಿ ಉಜ್ಜಿ ಅದು ಸವೆದಿದೆ. ಮೊನ್ನೆ ಒಬ್ಬರು ಮೊಬೈಲ್ ಟಾರ್ಚ್ ಬಿಟ್ಟು ನೋಡಿ, "ಬೆಕ್ಕಾ?" ಅಂದರು. ಎರಡು ದಿನ ಅತ್ತೆಗೆ ನನ್ನ ಮೇಲೆ ಮುನಿಸು.

ನಿನ್ನೆ ಸಂಜೆ ಮೈದುನನಿಗೆ ಹೆಣ್ಣು ಕೊಡುವವರು ಬಂದರು. ಕರೆಂಟಿಲ್ಲ, ಯುಪಿಎಸ್ಸೂ ಸತ್ತಿದೆ. ಬೆಳ್ಳಿಯದನ್ನೇ ಹಚ್ಚು ಅಂತ ಅತ್ತೆಯ ಅಪ್ಪಣೆ. ಅಂಗಡಿ ಮೇಣದಬತ್ತಿ ಅದರ ಬಾಯಿಗೆ ತೀರಾ ಸಣ್ಣ, ಪೇಪರ್ ಸುತ್ತಿ ತುರುಕಿದೆ. ಚೆಂದ ಕಂಡಿತು, ಸುಳ್ಳು ಹೇಳಲ್ಲ. ಹುಡುಗಿಯ ಅಮ್ಮ "ತುಂಬ ಹಳೇದಾ?" ಅಂದದ್ದೇ ತಪ್ಪಾಯಿತು. ಅತ್ತೆ ಎತ್ತಿ ತಲೆಕೆಳಗು ಮಾಡಿಯೇಬಿಟ್ಟರು. ಉರಿಯುತ್ತಿದ್ದ ಬತ್ತಿ ಸೋಫಾ ಮೇಲೆ ಉರುಳಿ, ಕೇಸರಿಬಾತಿನ ತಟ್ಟೆಗೆ ಬಿದ್ದು ಚುಂಯ್ ಅಂತ ಆರಿತು. ಪೂರ್ತಿ ಕತ್ತಲೆ. ಆ ಕತ್ತಲೆಯಲ್ಲೇ ಅತ್ತೆಯ ದನಿ: "ಸಿಂಹ ಕಾಣ್ತಾ?"

ಓಡಿಹೋಗಿ ಲೋಟದ ಬತ್ತಿ ತಂದಿಟ್ಟೆ. ಆಗ ಆಕೆ ಕೇಳಿದರು, "ಇಂಥವು ಜೋಡಿ ಇರ್ತವಲ್ವಾ? ಇನ್ನೊಂದೆಲ್ಲಿ?"

ಅತ್ತೆ ಸುಮ್ಮನಾದರು. ತೋಟ ಪಾಲಾದಾಗ ಜೋಡಿಯೂ ಪಾಲಾಯಿತು. ಇನ್ನೊಂದು ಅವರ ವಾರಗಿತ್ತಿ ಮನೆಯಲ್ಲಿದೆ, ಎರಡು ಬೀದಿ ಆಚೆ. ಮಾತು ನಿಂತು ಎಷ್ಟೋ ವರ್ಷವಾಯಿತು.

ನಾನಿಲ್ಲಿ ಮೇಣ ಕೆರೆಯುತ್ತಿದ್ದರೆ ಅತ್ತೆ ಒಳಗೆ ಫೋನಿನಲ್ಲಿದ್ದಾರೆ. "ಹೂಂ ಕಣೇ, ನಾನೇ. ಸುಮ್ನೆ ಮಾಡ್ದೆ. ನಿಮ್ಮನೇದ್ರಲ್ಲಿ ಸಿಂಹ ಇನ್ನೂ ಕಾಣ್ತದಾ?"